ಕುಂಕುಮ ಕಾಣದ ಮೌಸು

ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಮೊದ್ಲು ಆಣೆ ಮಾಡಿ. ನಮ್ಮ ಕಾಲೇಜಿನ ಈ ಆಟದ ಸಾಮಾನಿನ ರೂಮಲ್ಲಿ ಹಳೇ ವಾಲಿಬಾಲ್ ಒಂದಿದ್ಯಲ್ಲ, ಆಯುಧ ಪೂಜೆ ದಿನ ಅದು ಮಾಡಿದ ಕೆಲಸ ಇದು. ಕಂಪ್ಯೂಟರ್ ಗೇಮ್ ಆಡೋ ಚಂಪಕಾ ಅವತ್ತು ತನ್ನ ಮೌಸನ್ನೂ ಇಲ್ಲೇ ಪೂಜೆಗೆ ತಂದಿಟ್ಲು.

"ಏನಮ್ಮಾ, ಕೂತಲ್ಲೇ ಕೂತು ಆಡೋದೂ ಒಂದು ಆಟಾನಾ? ಬೆವರು ಅಂದ್ರೇನು ಗೊತ್ತಾ ನಿಂಗೆ?" ಅಂತು ವಾಲಿಬಾಲು.

"ಗೊತ್ತಣ್ಣ. ಅವಳ ಅಂಗೈ ಬೆವರೆಲ್ಲ ನನ್ನ ಮೈಮೇಲೇ ಇಳಿಯೋದು," ಅಂತು ಮೌಸು.

ವಾಲಿಬಾಲಿಗೆ ಉರಿದುಹೋಯ್ತು. ಕುಂಕುಮ ಇಡೋಕೆ ಮುಂಚೆ ಉರುಳಿ ಬಂದು, ಮೌಸನ್ನ ಕಪಾಟಿನ ಹಿಂದಕ್ಕೆ ತಳ್ಳಿಬಿಡ್ತು. ಚಂಪಕಾಗೆ ಹುಡುಕಿ ಹುಡುಕಿ ಸಾಕಾಯ್ತು. ಮುಂದಿನ ವಾರ ಎದುರು ಕಾಲೇಜಿನ ಮೇಲೆ ಅವಳ ಗೇಮಿನ ಫೈನಲ್ಲು. ಯಾರದೋ ಮೌಸ್ ಇಸ್ಕೊಂಡು ಆಡಿ ಸೋತ್ಲು.

ವಾಪಸ್ ಬಂದವಳು ಇದೇ ರೂಮಲ್ಲಿ ಕೂತು, ಒದ್ದೆ ಅಂಗೈನ ಚೂಡಿದಾರಕ್ಕೆ ಒರೆಸ್ಕೊಂಡು ಅತ್ಲು. ವಾಲಿಬಾಲ್ ಹುಡುಗ್ರು ಸೋತಾಗ್ಲೂ ಥೇಟ್ ಹಂಗೇ ಅಳ್ತಿದ್ರು. ಅವತ್ತಿಂದ ವಾಲಿಬಾಲಿಗೆ ಮೈಯಲ್ಲಿ ಗಾಳೀನೇ ನಿಲ್ತಿಲ್ಲ. "ತಂಗೀ, ಈಚೆ ಬಾರೇ, ನನ್ನ ಕುಂಕುಮಾನೂ ನಿಂಗೇ ಕೊಡ್ತೀನಿ," ಅಂತ ದಿನಾ ಕಪಾಟಿಗೆ ಹಣೆ ಚಚ್ಕೊಳ್ತದೆ. ಅದರ ದಪ್ಪ ಮೈ ಆ ಸಂದಿಗೆ ಹೋಗ್ಬೇಕಲ್ಲ!

ಶ್! ಬಾಗಿಲಲ್ಲಿ ಯಾರೋ ಚಪ್ಪಲಿ ಬಿಡ್ತಿದಾರೆ. ಚಂಪಕಾನೇ ಕಣ್ರೀ, ಪಾಪ, ಮತ್ತೆ ಹುಡುಕೋಕೆ...