ವೇಕೆಸೊಳ ಮಣಿಮೆಟ್ಟು

ಮಗ್ಗುಲಾಗಿ ಮಲಗು ಪುಟ್ಟಿ, ಹೇಳ್ತೀನಿ. ಒಂದಾನೊಂದು ಕಾಲ್ದಲ್ಲಿ, ಏಳು ಸಮುದ್ರದಾಚೆ, ಕಣ್ಣು ಹಾಯಿಸಿದಷ್ಟು ದೂರ ಹುಲ್ಲೇ ಹುಲ್ಲಿರೋ ಬಯಲಲ್ಲಿ ಶಾಯೆನ್ ಅನ್ನೋ ಜನ ಇದ್ರಂತೆ. ಚರ್ಮದ ಗುಡಾರ ಹಾಕ್ಕೊಂಡು, ಕಾಡೆಮ್ಮೆ ಹೋದ ಕಡೆ ತಾವೂ ಹೋಗೋರಂತೆ.

ಅವರಲ್ಲಿ ವೋಸ್ತಾಯೆ ಅಂತ ಒಬ್ಬ ತಾಯಿ, ಅವಳಿಗೆ ವೇಕೆಸೊ ಅಂತ ಎಂಟು ವರ್ಷದ ಮಗಳು. ಮಗೂಗೆ ಹುಟ್ಟುತ್ಲೇ ಬಲಪಾದ ಒಳಕ್ಕೆ ತಿರುಚಿಕೊಂಡಿತ್ತಂತೆ. ಬೀಡು ಬಿಚ್ಚಿ ಹೊರಟಾಗೆಲ್ಲ ಉಳಿದ ಮಕ್ಕಳು ನಡೀತಿದ್ರೆ, ಇವಳನ್ನ ಕುದುರೆಗೆ ಕಟ್ಟಿ ನೆಲದ ಮೇಲೆ ಎಳೆಸೋ ಜೋಡಿ ಕೋಲುಗಳ ಮೇಲೆ ಸಾಮಾನಿನ ಗಂಟುಗಳ ಜೊತೆ ಕೂರಿಸೋರಂತೆ. ಒಂದಿನ ಅವಳು ಕೇಳಿದ್ಲು, "ಅಮ್ಮಾ, ನಾನೂ ಗಂಟಾ?"

ಅದನ್ನ ಕೇಳಿ ವೋಸ್ತಾಯೆ ಜಿಂಕೆ ಚರ್ಮ ಹದ ಮಾಡಿ, ಹೊಗೆ ಕೊಟ್ಟು, ಮೆತ್ತಗಿನ ಒಂದು ಜೊತೆ ಮೆಟ್ಟು ಹೊಲಿದ್ಲಂತೆ. ನಾಲ್ಕೇ ದಿನಕ್ಕೆ ಬಲಗಾಲಿನದು ಪಕ್ಕದಲ್ಲಿ ಸವೆದು ತೂತಾಯ್ತು. ಆಮೇಲೆ ಕಾಡೆಮ್ಮೆಯ ಗಟ್ಟಿ ತೊಗಲನ್ನ ಅಟ್ಟೆಗೆ ಹಾಕಿ ಎರಡನೇ ಜೊತೆ ಹೊಲಿದ್ಲು. ಅದು ಹರೀಲಿಲ್ಲ, ಕಾಲನ್ನೇ ಕಚ್ಚಿ ಬೊಬ್ಬೆ ಎಬ್ಬಿಸ್ತು. ಮಗು ಅಳಲಿಲ್ಲ, ಮೆಟ್ಟು ಬಿಚ್ಚಿ ಬದಿಗಿಟ್ಟು ಗುಡಾರದೊಳಗೆ ಹೋಗಿ ಮಲಗಿಬಿಡ್ತಂತೆ, ಎರಡು ದಿನ ಹೊರಗೇ ಬರ್ಲಿಲ್ಲವಂತೆ.

ಆಗ ವೋಸ್ತಾಯೆ ಮಣಿ ಹೊಲಿಯೋ ವಿದ್ಯೆ ಬಲ್ಲ ಮುದುಕಿಯರ ಹತ್ರ ಹೋದ್ಲು. ಅವರಲ್ಲಿ ಹಿರಿಯಳು ಮೆಟ್ಟನ್ನ ತಿರುಗಿಸಿ ನೋಡಿ, ಎರಡೂ ಕಾಲಿಗೆ ಒಂದೇ ಅಳತೆ ಹಾಕಿದ್ದೀಯಲ್ಲೇ, ಬಲಗಾಲು ಎಲ್ಲಿ ಊರುತ್ತೆ ಅಂತ ಯಾವತ್ತಾದ್ರೂ ನೋಡಿದ್ದೀಯಾ ಅಂದ್ಲಂತೆ. ತಾಯಿ ಮಗಳನ್ನ ಹೊಳೆದಂಡೆಯ ಹಸಿ ಮರಳಿನ ಮೇಲೆ ನಿಲ್ಲಿಸಿ, ಹೆಜ್ಜೆ ಹೇಗೆ ಮೂಡ್ತೋ ಹಾಗೇ ಅಟ್ಟೆ ಕತ್ತರಿಸಿದ್ಲು, ಕಾಲು ನೆಲ ಮುಟ್ಟದ ಕಡೆ ಒಳಗೆ ತುಪ್ಪಳ ತುಂಬಿದ್ಲು. ಆಮೇಲೆ ಕಾಡೆಮ್ಮೆಯ ನರ ಸೀಳಿ ಮಾಡಿದ ದಾರದಲ್ಲಿ ಗಾಜಿನ ಮಣಿ ಪೋಣಿಸಿ, ಜೋಳದ ತೆನೆಯಲ್ಲಿ ಕಾಳು ಕೂತ ಹಾಗೆ ಸಾಲುಸಾಲಾಗಿ, ಬಿಳಿ, ಕೆಂಪು, ನೀಲಿ, ಎಡಗಾಲಿನ ಮೆಟ್ಟಿನ ತುಂಬ ಹೊಲಿದ್ಲಂತೆ. ಬಲಗಾಲಿನದನ್ನ ಬರಿದೇ ಬಿಟ್ಲು, ಜನ ಆ ಕಡೆ ನೋಡದೇ ಇರ್ಲಿ ಅಂತ.

ವೇಕೆಸೊ ಆ ಬರಿ ಮೆಟ್ಟನ್ನ ತಾಯಿ ಮಡಿಲಿಗೇ ವಾಪಸ್ ಇಟ್ಲು. ಆಮೇಲೆ, "ಇದಕ್ಕೂ ಅಷ್ಟೇ ಮಣಿ ಹಾಕಮ್ಮ" ಅಂದ್ಲಂತೆ.

ತಾಯಿಗೆ ನಾಚಿಕೆಯಾಯ್ತು. ಮತ್ತೆ ಹನ್ನೆರಡು ದಿನ ಕೂತು ಅದನ್ನೂ ತುಂಬಿಸಿದ್ಲಂತೆ.

ಆಮೇಲೆ ಬೀಡು ಎದ್ದ ದಿನ ವೇಕೆಸೊ ನಡೆದೇ ಹೊರಟ್ಲು. ದಾರೀಲಿ ಎರಡು ಸಲ ಕೂತ್ಲು, ಮುದುಕಿಯರೂ ಜೊತೇಲಿ ಕೂತ್ರು. ಎಲ್ಲರಿಗಿಂತ ಕೊನೆಗೆ, ಹೊತ್ತು ಇಳಿಯೋವಾಗ ಹೊಸ ಬೀಡಿಗೆ ಬಂದು ಸೇರಿದ್ಲಂತೆ. ವೋಸ್ತಾಯೆ ಓಡಿಹೋಗಿ ಎತ್ಕೊಳ್ಳಲಿಲ್ಲ. ಗುಡಾರದ ಬಾಗಿಲ ಮರೆ ಸರಿಸಿ ಹಿಡ್ಕೊಂಡು ನಿಂತ್ಲು, ಮಗಳು ತಾನೇ ಒಳಗೆ ಬಂದು, ಬಿಸಿ ಸಾರು ಕುಡಿದು, ಮೆಟ್ಟು ಕಳಚದೇನೇ ನಿದ್ದೆ ಹೋದ್ಲಂತೆ.

ಅಷ್ಟೇ ಕಂದ, ಕತೆ ಅಲ್ಲಿಗೆ ಮುಗೀತು. ನೀನೂ ಕಣ್ಮುಚ್ಚು.