ಸೂರ್ಯಣ್ಣನ ರೊಟ್ಟಿಬುಟ್ಟಿ

ಲೋಕ ಇನ್ನೂ ಹಸಿ ಮಡಕೆಯಂತಿದ್ದ ಕಾಲವದು. ಆಗ ಸೂರ್ಯಣ್ಣ ದಿನಾ ಸಂಜೆ ಪಡುವಣ ಗುಡ್ಡಸಾಲಿನ ನಡುಗುಡ್ಡದ ಹಿಂದೆ, ಅವ್ವನ ಮನೆಗೇ ಹೋಗಿ ಮಲಗುತ್ತಿದ್ದ. ಒಂದು ದಿನವಾದರೂ ಅತ್ತಿತ್ತ ಸರಿದವನಲ್ಲ, ಪುಣ್ಯಾತ್ಮ!

ಅವನ ಅಕ್ಕ ಬಡಗವ್ವನನ್ನು ಗುಡ್ಡಸಾಲಿನ ಉತ್ತರದ ತುದಿಗೆ ಕೊಟ್ಟಿದ್ದರು. ತಂಗಿ ತೆಂಕವ್ವನನ್ನು ದಕ್ಷಿಣದ ತುದಿಗೆ.

ತೆಂಕವ್ವ ದಿನಾ ರೊಟ್ಟಿ ಬಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಣ್ಣ ಬರುತ್ತಿರಲಿಲ್ಲ. ಒಂದು ಸಂಜೆ ಅವಳಿಗೆ ಅಳುವೇ ಬಂತು.

"ಗಾಳಿಯಪ್ಪಾ, ಅಣ್ಣಗ ಹೇಳು. ತಂಗಿ ಅದಾಳೋ ಇಲ್ಲೋ ಅಂತ ನೋಡಾಕಾದ್ರೂ ಬಾ ಅಂತ ಹೇಳು."

ಗಾಳಿ ಓಡಿಹೋಗಿ ಹೇಳಿತು. ಅದನ್ನು ಕೇಳಿದ ಅವ್ವ ಮಗನನ್ನು ಎಬ್ಬಿಸಿಯೇಬಿಟ್ಟಳು. "ಇನ್ನೂ ಇಲ್ಲೇ ಕುಂತೀಯೇನೋ? ಏಳು, ನಡಿ ತಂಗಿ ಮನಿಗೆ!"

ಸೂರ್ಯಣ್ಣ ಗುಡ್ಡಕ್ಕೊಂದು ರಾತ್ರಿ ವಸ್ತಿ ಮಾಡುತ್ತ ನಡೆದ. ಚಳಿಗಾಲದ ಎಳ್ಳಮಾಸೆ ಹೊತ್ತಿಗೆ ತೆಂಕವ್ವನ ಮನೆ ಮುಟ್ಟಿದ. ಅವಳ ಸಂಭ್ರಮ ಏನು ಕೇಳುತ್ತೀಯ! ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಎಳ್ಳು ಹೋಳಿಗೆ. ಅವನು ಹೊರಟಾಗಲೆಲ್ಲ ಕೈ ಹಿಡಿದು, "ಇವತ್ತೊಂದು ದಿನ ಇರಣ್ಣಾ" ಅನ್ನುತ್ತಿದ್ದಳು. ಅವನೂ ಇರುತ್ತಿದ್ದ.

ಕೊನೆಗೊಂದು ದಿನ ಸೂರ್ಯಣ್ಣ, "ಅಕ್ಕನೂ ಹಾದಿ ನೋಡ್ತಿರ್ತಾಳ ತಂಗೀ" ಅಂದ.

ತೆಂಕವ್ವನಿಗೆ ಭಯವಾಯಿತು. ಹೋದವನು ಮತ್ತೆ ಬಾರದಿದ್ದರೆ? ಹಾಗಂತ ಅಕ್ಕನ ಪಾಲಿನ ತಮ್ಮನನ್ನು ಕಟ್ಟಿಹಾಕಲಾದೀತೇ? ಯೋಚಿಸಿ ಯೋಚಿಸಿ ತನ್ನ ಬುಟ್ಟಿ ತುಂಬ ಕಟಕ ರೊಟ್ಟಿ ಜೋಡಿಸಿದಳು. ಆರು ತಿಂಗಳಿಟ್ಟರೂ ಕೆಡದ ರೊಟ್ಟಿ ಅವು.

"ರೊಟ್ಟಿ ಅಕ್ಕಗ. ಬುಟ್ಟಿ ನಂದು, ಮರೀಬ್ಯಾಡ."

ದಾರಿಯಲ್ಲಿ ಅವ್ವನ ಮನೆ ಬಂತು. ಅವ್ವ ಕೂರಲೂ ಬಿಡಲಿಲ್ಲ. "ಅಕ್ಕ ಕಾಯಾಕತ್ಯಾಳ, ಓಡು ಓಡು!" ಎಂದು ಅಟ್ಟಿದಳು.

ಮುಂಗಾರಿನ ಕಾರಹುಣ್ಣಿಮೆಗೆ ಬಡಗವ್ವನ ಮನೆ ಸಿಕ್ಕಿತು. ಅವಳೂ ಸುಮ್ಮನೆ ಬಿಟ್ಟಾಳೇ? "ಇವತ್ತೊಂದು ದಿನ ಇರೋ" ಎನ್ನುತ್ತ ದಿನಗಟ್ಟಲೆ ಉಳಿಸಿಕೊಂಡಳು.

"ಬುಟ್ಟಿ ಕೊಡಕ್ಕಾ, ತಂಗೀದು" ಅಂದ ಸೂರ್ಯಣ್ಣ.

"ಖಾಲಿ ಬುಟ್ಟಿನಾ? ನಮ್ಮ ತವರಿನಾಗ ಯಾರರ ಖಾಲಿ ಬುಟ್ಟಿ ಕಳಿಸ್ತಾರೇನೋ ಹುಚ್ಚಪ್ಪಾ!" ಅಂದವಳೇ ಬಡಗವ್ವ ಕೋಡುಬಳೆ ತುಂಬಿ ಅವನ ತಲೆಯ ಮೇಲಿಟ್ಟಳು.

ಮುಂದಿನ ಎಳ್ಳಮಾಸೆಗೆ, ತಲೆ ಮೇಲೆ ತುಂಬಿದ ಬುಟ್ಟಿ ಹೊತ್ತು ಬರುತ್ತಿದ್ದ ಅಣ್ಣನನ್ನು ತೆಂಕವ್ವ ದೂರದಿಂದಲೇ ಕಂಡಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಇನ್ನು ಅವಳಿಗೆ ಭಯವಿಲ್ಲ; ಬುಟ್ಟಿ ಓಡಾಡುವವರೆಗೆ ಅಣ್ಣನೂ ಓಡಾಡುತ್ತಾನೆ. ಅವಳೂ ಅದೇ ತವರಿನವಳಲ್ಲವೇ, ಖಾಲಿ ಬುಟ್ಟಿ ಹೇಗೆ ಕಳಿಸಿಯಾಳು?

ಅದಕ್ಕೇ ನೋಡು ಮಗಾ, ಮಾಳಿಗೆ ಹತ್ತಿ ಪಡುವಣಕ್ಕೆ ಮುಖಮಾಡಿ ನಿಂತರೆ, ಎಳ್ಳಮಾಸೆಗೆ ಸೂರ್ಯ ನಿನ್ನ ಎಡಕ್ಕೆ ಸರಿದು ಮುಳುಗುತ್ತಾನೆ, ಕಾರಹುಣ್ಣಿಮೆಗೆ ಬಲಕ್ಕೆ. ನಡುವೆ ಲಗುಬಗೆಯಿಂದ ಓಡುವವನು ಎರಡೂ ತುದಿಯಲ್ಲಿ ಮಾತ್ರ ಕೆಲವು ದಿನ ಅಲ್ಲಾಡುವುದೇ ಇಲ್ಲ. ಗುಡ್ಡದಾಚೆ ಯಾರೋ ಕೈ ಹಿಡಿದು "ಇವತ್ತೊಂದು ದಿನ ಇರು" ಅನ್ನುತ್ತಿರುತ್ತಾರೆ.