ಹೊನ್ನಾಜಿ ಬಾವಿಯಲ್ಲಿ ಕಲಿತ ಮಾತು

ಈಗಿನವರ ಮುತ್ತಜ್ಜಂದಿರೂ ಹುಟ್ಟದ ಕಾಲದಲ್ಲಿ, ಮೂರು ದಾರಿ ಕೂಡುವ ಕಡೆ ಒಂದು ಊರಿತ್ತಂತೆ. ಆ ಊರಿಗೆ ಇದ್ದದ್ದು ಒಂದೇ ಬಾವಿ. ಅಲ್ಲಿನ ಗಾಣಿಗರ ಮನೆಯ ಸೊಸೆ ಹೊನ್ನಾಜಿಗೆ ಪರದೇಶದ ಮಾತು ಎಂದರೆ ಪ್ರಾಣ. ಬಳೆಗಾರ ಬಂದರೆ ಅವನ ಮಾತು ಕಲಿತಳು, ಉಪ್ಪಿನವರು ಬಂದರೆ ಅವರ ಮಾತು ಕಲಿತಳು, ಕಂಬಳಿಯವರು ಬಂದರೆ ಅವರದನ್ನೂ ಕಲಿತಳು.

"ಉಣ್ಣೋಕೆ ಒಂದು ಬಾಯಿ ಸಾಕು, ಆಡೋಕೆ ಇವಳಿಗೆ ನಾಲ್ಕು ಬೇಕು" ಎಂದು ಅತ್ತೆ ಪುಟ್ಟವ್ವ ಗೊಣಗುತ್ತಿದ್ದಳಂತೆ.

ಹೊನ್ನಾಜಿ ತವರಿಗೆ ಹೋಗಿದ್ದಾಗ ಕಡಲಾಚೆಯ ಕುದುರೆ ವ್ಯಾಪಾರಿಯೊಬ್ಬ ಜ್ವರ ಬಂದು ಬಾವಿಕಟ್ಟೆಯ ಮೇಲೆ ಬಿದ್ದ. ಕೈ ಎತ್ತಲೂ ತ್ರಾಣವಿಲ್ಲ. ಒಂದೇ ಮಾತನ್ನು ಮತ್ತೆ ಮತ್ತೆ ಅಂದ. ಯಾರಿಗೂ ತಿಳಿಯಲಿಲ್ಲ, ರೋಗಕ್ಕೆ ಹೆದರಿ ಯಾರೂ ಹತ್ತಿರ ಹೋಗಲೂ ಇಲ್ಲ. ಸತ್ತ. ಮಾರನೆಯ ದಿನದಿಂದ ಬಾವಿಗೆ ಬಿಟ್ಟ ಕೊಡವನ್ನು ಒಳಗೆ ಯಾರೋ ಹಿಡಿದುಕೊಳ್ಳುವರು, ಆಳದಿಂದ ಅದೇ ಮಾತು ಕೇಳುವುದು. ಹೆಂಗಸರು ಹರದಾರಿ ದೂರದ ಕೆರೆಗೆ ನಡೆದರು.

"ಬಾವಿ ಮುಚ್ಚಿ ಬೇರೆ ಕಡೆ ಊರು ಕಟ್ಟೋಣ" ಎಂದು ಗೌಡ ಹೇಳಿದ ದಿನವೇ ಹೊನ್ನಾಜಿ ಹಿಂದಿರುಗಿದಳು.

"ಏಳು ದಿನ ಕೊಡಿ ಗೌಡರೇ. ಅವನಿಗೇನು ಬೇಕೋ ಕೇಳ್ತೀನಿ."

ಮೊದಲ ದಿನ ಕಟ್ಟೆಯ ಮೇಲೆ ಕೂತು ಹಗ್ಗ ತೋರಿಸಿದಳು, ಕಲ್ಲು ತೋರಿಸಿದಳು, ಎಲೆ ತೋರಿಸಿದಳು. ಪ್ರೇತ ಒಂದೊಂದಕ್ಕೂ ತನ್ನ ಮಾತಿನ ಹೆಸರು ಹೇಳಿತು. ಎರಡನೆಯ ದಿನ ನೀರು ತೋರಿಸಿದಳು. ಪ್ರೇತ ಹೇಳಿದ್ದು ಅದೇ ಹಳೆಯ ಮಾತು.

ಹೊನ್ನಾಜಿಗೆ ತಿಳಿಯಿತು. ಯಾರಾದರೂ ಕೈಯಾರೆ ಒಂದು ಬೊಗಸೆ ನೀರೆರೆದರೆ ಅವನು ಹೋಗುತ್ತಾನೆ. ಹೋದರೆ ಆ ಮಾತು ಕಲಿಸುವವರು ಇನ್ನಾರು?

"ಇನ್ನೂ ತಿಳಿದಿಲ್ಲ ಅತ್ತೆ" ಎಂದಳಂತೆ.

ಮೂರನೆಯ ದಿನ ಕುದುರೆಗಳ ಬಣ್ಣ ಕಲಿತಳು. ನಾಲ್ಕನೆಯ ದಿನ ನೆಂಟರನ್ನು ಕರೆಯುವ ಬಗೆ, ಐದನೆಯ ದಿನ ಬೈಗುಳ. ಆರನೆಯ ದಿನ ಕಡಲು ಹೇಗಿರುತ್ತದೆ ಎಂದು ಅವನ ಮಾತಿನಲ್ಲೇ ಕೇಳಿ, ಅವನ ಮಾತಿನಲ್ಲೇ ತಿಳಿದಳು. ಮನೆಗೆ ಬಂದರೆ ಪುಟ್ಟವ್ವ ಕಾಲು ಊದಿಸಿಕೊಂಡು ಜಗುಲಿಯ ಮೇಲಿದ್ದಳು. ಕೆರೆಯ ಏರಿಯಲ್ಲಿ ಜಾರಿ ಬಿದ್ದಿದ್ದಳು. ಚೆಲ್ಲಿ ಉಳಿದ ಅರ್ಧ ಕೊಡ ನೀರು ಪಕ್ಕದಲ್ಲಿತ್ತು.

"ಏನಂತಾನೆ ನಿನ್ನ ಗುರು?"

ಹೊನ್ನಾಜಿ ಎಣ್ಣೆ ಬಿಸಿ ಮಾಡಿ ತಂದು ಅತ್ತೆಯ ಕಾಲಿಗೆ ತಿಕ್ಕಿದಳು.

ಏಳನೆಯ ದಿನ ಆ ಕೊಡದಿಂದಲೇ ಒಂದು ಚೆಂಬು ನೀರು ತೆಗೆದುಕೊಂಡು ಬಾವಿಗೆ ಹೋದಳು. "ತಪ್ಪಾಯಿತಣ್ಣ. ನಿನಗೆ ಬೇಕಾದ್ದು ನನಗೆ ಎರಡನೆಯ ದಿನವೇ ತಿಳಿದಿತ್ತು" ಎಂದು ಅವನ ಮಾತಿನಲ್ಲಿ ಹೇಳಿದಳು.

"ನಿನಗೆ ತಿಳಿದದ್ದು ನನಗೂ ತಿಳಿದಿತ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನೀನು ಮಾತು ಬಹಳ ಕೆಡಿಸಿ ಆಡುತ್ತಿದ್ದೆ ತಂಗಿ. ತಿದ್ದದೆ ಹೋಗೋಕೆ ಮನಸ್ಸಾಗಲಿಲ್ಲ."

ಬಾವಿಯಿಂದ ಎರಡು ಕೈ ಬೊಗಸೆಯಾಗಿ ಮೇಲೆ ಬಂದವಂತೆ. ಅವಳು ನೀರೆರೆದಳು. ಕುಡಿದ ಸದ್ದಾಯಿತು. ಕೈಗಳು ಕಾಣದಾದವು. ಆಮೇಲೆ ಬಿಟ್ಟ ಕೊಡ ತುಂಬಿ ಮೇಲೆ ಬಂತು.

ಊರು ನೆರೆಯಿತು. ಪುಟ್ಟವ್ವ ಕುಂಟುತ್ತ ಬಂದಳು.

"ಏನು ಕೇಳ್ತಿದ್ದನಮ್ಮ?" ಎಂದ ಗೌಡ.

"ನೀರು."

ಎಲ್ಲರೂ ತಲೆ ತಗ್ಗಿಸಿದರು.

"ಅದನ್ನ ತಿಳಿಯೋಕೆ ಏಳು ದಿನ ಬೇಕಾಯ್ತೇನೆ?" ಎಂದಳು ಪುಟ್ಟವ್ವ.

"ಎರಡು ದಿನ ಸಾಕಾಗಿತ್ತು ಅತ್ತೆ. ಉಳಿದದ್ದು ನನ್ನ ಆಸೆ."

ಪುಟ್ಟವ್ವ ಬಾವಿಯ ಹಗ್ಗವನ್ನು ಅವಳ ಕೈಗಿಟ್ಟಳು. "ನನ್ನ ಕಾಲು ವಾಸಿಯಾಗೋವರೆಗೆ ಊರಿಗೆಲ್ಲ ನೀನೇ ಸೇದು. ಸೇದ್ತಾ ಆ ಮಾತು ಒಂದಿಷ್ಟು ನನಗೂ ಹೇಳಿಕೊಡು. ನಿನ್ನ ಜೊತೆ ಆಡೋಕೆ ಇನ್ನೊಬ್ಬರಾದರೂ ಬೇಡವೇ?"

ಹೊನ್ನಾಜಿ ಸೇದಿದಳು, ಹೇಳಿಕೊಟ್ಟಳು. ಅತ್ತೆ ಅವಳಿಗಿಂತಲೂ ಹೆಚ್ಚು ಕೆಡಿಸಿ ಆಡಿದಳಂತೆ.

ಅವರ ಬಾವಿಯ ನೀರು ಅವರಿಗೆ, ನಮ್ಮ ಕೊಡದ ನೀರು ನಮಗೆ. ಕತೆ ಹೇಳಿದವನ ಗಂಟಲು ಒಣಗಿತು.